ಐಲಿ ಗಟ್ಟಿಯಾಗಿ ಓದಿದ ಚಳಿಗಾಲ

ಸುಪೀರಿಯರ್ ಸರೋವರದ ಬಳಿಯ ಇಷ್ಪೆಮಿಂಗ್ ಊರಿನಲ್ಲಿ ಈಗಲೂ ಯಾರದಾದರೂ ಮನೆ ಬೆಚ್ಚಗಿಡುವ ಫರ್ನೇಸ್ ಗೊರಗೊರ ಎಂದರೆ ಸಾಕು, "ಐಲಿಗೊಂದು ಫೋನ್ ಮಾಡಿ ನೋಡಿ" ಎನ್ನುವವರು ಸಿಗುತ್ತಾರೆ. ಐಲಿ ಜೆರ್ವಾಸಿಗೆ ಎಂಬತ್ತು ದಾಟಿದೆ. ನಗರಸಭೆಯ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆದರೂ ಫೋನ್ ಬಂದರೆ ಅವಳು ಮೊದಲು ಕೇಳುವುದು, "ಬೆಂಕಿ ಯಾವ ಬಣ್ಣ ಇದೆ? ನೀಲಿನಾ, ಹಳದಿನಾ?" ಹಳದಿ ಎಂದರೆ, "ಆರಿಸ್ಬಿಡು. ಎಲ್ಲರನ್ನೂ ಕರ್ಕೊಂಡು ಹೊರಗೆ ಬಾ. ಆಮೇಲೆ ಮಾತಾಡೋಣ" ಎನ್ನುತ್ತಾಳೆ.

ಇವಳೇ ಒಂದು ಕಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪ್ ಬಡಿಸುತ್ತಿದ್ದವಳು ಎಂದರೆ ಹೊಸಬರು ನಂಬುವುದಿಲ್ಲ.

ಆಗ ಫರ್ನೇಸಿನ ಮನುಷ್ಯ ಎಂದರೆ ಅವಳ ಗಂಡ ಮಾಂಡೊ. ತಗಡು ಬಗ್ಗಿಸುವುದರಲ್ಲಿ ಅವನದು ಎತ್ತಿದ ಕೈ. ಊರಿನ ಅರ್ಧ ಮನೆಗಳಲ್ಲಿ ಬಿಸಿಗಾಳಿ ಓಡಾಡುತ್ತಿದ್ದದ್ದು ಅವನು ಜೋಡಿಸಿದ ಕೊಳವೆಗಳಲ್ಲಿ. ಶನಿವಾರ ಶಾಲೆಗೆ ರಜೆ ಇದ್ದಾಗ ಐಲಿಯೂ ಅವನ ಜೊತೆ ಹೋಗಿ, ಮಂದಿಯ ಮನೆಗಳ ನೆಲಮಾಳಿಗೆಗಳಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ಒಂದು ನವೆಂಬರಿನಲ್ಲಿ ಚರ್ಚಿನ ಸೂರಿನಡಿ ಕೆಲಸ ಮಾಡುತ್ತಿದ್ದ ಮಾಂಡೊ ಏಣಿಯಿಂದ ಬಿದ್ದ. ಜೀವಕ್ಕೇನೂ ಆಗಲಿಲ್ಲ. ಬಲಗೈ ಮಾತ್ರ ಭುಜಕ್ಕಿಂತ ಮೇಲೆ ಏಳದಂತಾಯಿತು. ಕೈ ಎತ್ತಲಾಗದ ತಗಡಿನವನನ್ನು ಯಾರು ಕರೆಯುತ್ತಾರೆ?

ಅದೇ ಹೊತ್ತಿಗೆ ನಗರಸಭೆಯ ಮೆಕ್ಯಾನಿಕಲ್ ಇನ್‌ಸ್ಪೆಕ್ಟರ್ ನಿವೃತ್ತಿಯ ಅಂಚಿನಲ್ಲಿದ್ದ. ಮನೆಮನೆಯ ಫರ್ನೇಸು, ಬಾಯ್ಲರು, ಹೊಗೆಕೊಳವೆ ಸರಿಯಾಗಿ ಕೂತಿವೆಯೋ ಇಲ್ಲವೋ ಎಂದು ನೋಡಿ ರುಜು ಹಾಕುವ ಕೆಲಸ. ಅವನೇ ಮನೆಗೆ ಬಂದು, "ಮಾಂಡೊ, ಪರೀಕ್ಷೆ ಒಂದು ಪಾಸ್ ಮಾಡ್ಕೋ. ನನ್ನ ಕುರ್ಚಿ ನಿಂದೇ. ಪುಸ್ತಕ ನೋಡ್ಕೊಂಡು ಬರೆಯೋ ಪರೀಕ್ಷೆ ಕಣಪ್ಪ, ಹೆದರೋದೇನಿದೆ?" ಎಂದು ಹೇಳಿ, ನಿಯಮಗಳ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೋದ.

ಹೆದರಿಕೆ ಇದ್ದದ್ದೇ ಆ ಪುಸ್ತಕದಲ್ಲಿ. ಮಾಂಡೊಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಅಕ್ಷರಗಳು ಅವನ ಕಣ್ಣೆದುರು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ಸಾಲು ಮುಗಿಸುವುದರಲ್ಲಿ ಹಣೆ ಬೆವರುತ್ತಿತ್ತು. ಹೋಟೆಲಿಗೆ ಹೋದರೆ ಜೇಬು ತಡಕಿ, "ಅಯ್ಯೋ, ಕನ್ನಡಕ ಮರೆತೆ. ಏನೇನಿದೆ ಓದು ಐಲಿ" ಎನ್ನುತ್ತಿದ್ದ. ಕನ್ನಡಕ ಅವನ ಬಳಿ ಇದ್ದದ್ದೇ ಇಲ್ಲ. ಈ ಗುಟ್ಟು ಗೊತ್ತಿದ್ದವಳು ಐಲಿ ಒಬ್ಬಳೇ.

"ವಾಪಸ್ ಕೊಟ್ಬಿಡ್ತೀನಿ. ನನ್ನ ಕೈಲಾಗಲ್ಲ" ಎಂದ ಮಾಂಡೊ.

"ನಿನ್ನ ಕೈಗೇನಾಗಿದೆ ಅಂತ ಗೊತ್ತು ಮಾರಾಯ. ಕಿವಿ ನೆಟ್ಟಗಿದೆಯಲ್ಲ? ಕೂತ್ಕೋ" ಎಂದಳು ಐಲಿ.

ಹಾಗೆ ಶುರುವಾಯಿತು. ಊಟ ಮುಗಿಸಿ, ತಟ್ಟೆ ಎತ್ತಿ, ಮೇಜು ಒರೆಸಿ, ಅವಳು ಗಟ್ಟಿಯಾಗಿ ಓದುವಳು. ಅವನು ಕಣ್ಣು ಮುಚ್ಚಿ ಕೇಳುವನು. ಹೊರಗೆ ಸುಪೀರಿಯರ್ ಸರೋವರದ ಕಡೆಯಿಂದ ಬಂದ ಹಿಮ ಕಿಟಕಿಯ ಅರ್ಧದವರೆಗೂ ಏರಿರುತ್ತಿತ್ತು. ಮೊದಮೊದಲು ಅವಳಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕಾನೂನಿನವರು ಬರೆದ ವಾಕ್ಯಗಳು, ಬಾಲ ಹಿಡಿದರೆ ತಲೆ ಸಿಗದು. ಆದರೆ ಒಂದೊಂದು ನಿಯಮ ಮುಗಿಯುತ್ತಲೇ ಮಾಂಡೊ ಅದಕ್ಕೊಂದು ಮನೆ ತೋರಿಸುತ್ತಿದ್ದ.

"ಹೊಗೆಕೊಳವೆ ಅಡಿಗೆ ಕಾಲಿಂಚಿನಂತೆ ಮೇಲಕ್ಕೆ ಏರ್ತಾ ಹೋಗ್ಬೇಕು ಅಂತಿದೆ" ಎಂದು ಅವಳು ಓದಿದರೆ, "ಬೇಕರಿಯ ಹಿಂದೆ ಮಿಸೆಸ್ ಟ್ರೆವಾರೊ ಮನೆ ನೆನಪಿದೆಯಾ? ಅಲ್ಲಿ ಯಾವನೋ ಮಹಾನುಭಾವ ಕೊಳವೇನ ಕೆಳಮುಖವಾಗಿ ಇಳಿಸಿದ್ದ. ಹೊಗೆ ಪಾಪ ಏನ್ ಮಾಡುತ್ತೆ? ಇಳಿಯಕ್ಕೆ ಅದೇನು ನೀರಾ?" ಎನ್ನುವನು.

"ಆಯಮ್ಮ ಪರದೆ ಎಲ್ಲಾ ಕಪ್ಪಾಯ್ತು ಅಂತ ಬೆಕ್ಕನ್ನ ಬೈತಿದ್ಲು!"

"ಅದೇ ಮನೆ. ಬರ್ಕೋ ತಲೇಲಿ."

ಹೀಗೆ ಇಡೀ ಪುಸ್ತಕ ಅವಳ ಪಾಲಿಗೆ ಊರಾಯಿತು. ಅಧ್ಯಾಯ ಎಂದರೆ ಬೀದಿ, ನಿಯಮ ಎಂದರೆ ಯಾರದೋ ನೆಲಮಾಳಿಗೆ. ಶಾಲೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಲೇ ಬಾಯ್ಲರಿನ ಸುತ್ತ ಎಷ್ಟು ಜಾಗ ಬಿಡಬೇಕೆಂದು ಗೊಣಗಿಕೊಳ್ಳತೊಡಗಿದಳು. ಜೊತೆಯ ಅಡುಗೆಯವಳು ಅವಳ ಹಣೆ ಮುಟ್ಟಿ ನೋಡಿ, "ಜ್ವರ ಏನಾದ್ರೂ ಬಂದಿದೆಯೇನೇ?" ಎಂದಿದ್ದಳು.

ಫೆಬ್ರವರಿಯಲ್ಲಿ ಮಾಂಡೊ ಎಸ್ಕನಾಬಾ ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದ. ಗೊತ್ತಿಲ್ಲದ ಪ್ರಶ್ನೆ ಇರಲಿಲ್ಲವಂತೆ. ಆದರೆ ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ಗಡಿಯಾರ ಓಡಿಹೋಗಿತ್ತು. ಅರ್ಧ ಹಾಳೆ ಖಾಲಿ ಕೊಟ್ಟು ಬಂದ. ಫೇಲು.

"ಇನ್ನೊಂದು ಸಲ ಕೂತ್ಕೋ" ಎಂದಳು ಐಲಿ. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಡುಗೆಮನೆ ಮೇಜಿನ ಮುಂದೆ ಕಾಫಿ ಕುಡೀತಾ ಓದೋದು ಸುಲಭ ಕಣೇ. ಆ ರೂಮಲ್ಲಿ ಕೂತು ನೋಡು, ಗೊತ್ತಾಗುತ್ತೆ!"

"ಕೂರ್ತೀನಿ" ಎಂದಳು ಐಲಿ.

"ಏನು?"

"ನಾನೂ ಬರೀತೀನಿ. ಪಕ್ಕದ ಮೇಜಲ್ಲಿ ನಾನಿದ್ರೆ ನಿಂಗೆ ಅಷ್ಟು ಭಯ ಆಗಲ್ಲ."

ಮಾಂಡೊ ಪುಸ್ತಕವನ್ನು ಅವಳ ಕಡೆ ತಳ್ಳಿದ. ಆಮೇಲೆ, "ಗಲಾಟೆ ಮಾಡಿ ನನ್ನ ಮಾನ ತೆಗೀಬೇಡ, ಅಷ್ಟೇ" ಎಂದ. ಒಪ್ಪಿಗೆ ಎಂದರೆ ಅವನಲ್ಲಿ ಅದೇ.

ಮೇ ತಿಂಗಳಲ್ಲಿ ಇಬ್ಬರೂ ಬರೆದರು. ಸಭಾಂಗಣದ ತುಂಬ ಗಂಡಸರು. ಬಾಗಿಲಲ್ಲಿ ಹೆಸರು ನೋಡುತ್ತಿದ್ದವನು, "ಜೊತೆಗೆ ಬಂದೋರು ಹೊರಗೆ ಕೂರಬೇಕಮ್ಮ" ಎಂದ. ಐಲಿ ತನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ ಒಳಗೆ ಹೋದಳು. ಪ್ರಶ್ನೆಗಳನ್ನು ಓದುತ್ತಾ ಹೋದಂತೆ ಅವಳಿಗೆ ಕಂಡದ್ದು ಊರಿನ ಮನೆಗಳೇ.

ಮೂರು ವಾರಕ್ಕೆ ಫಲಿತಾಂಶ ಬಂತು. ಅವಳು ಪಾಸು. ಅವನು ಮತ್ತೆ ಫೇಲು.

ಮಾಂಡೊ ಎದ್ದು ಶೆಡ್ಡಿಗೆ ಹೋದ. ಅಲ್ಲಿಂದ ಸುತ್ತಿಗೆಯ ಸದ್ದು ಬರಲಿ ಎಂದು ಐಲಿ ಕಾದಳು, ಬರಲಿಲ್ಲ. ಆ ವಾರವಿಡೀ ಮನೆಯಲ್ಲಿ ಚಮಚ ಬಿದ್ದರೂ ಬೆಚ್ಚಿಬೀಳುವಂಥ ಮೌನ. ಅವಳಿಗೆ ತಾನೇನೋ ಕದ್ದ ಹಾಗೆ ಅನ್ನಿಸುತ್ತಿತ್ತು. ಭಾನುವಾರ ಅವಳ ತವರಿನವರು ಕಟ್ಟಿಸಿದ್ದ ಸೌನಾ ಎಂಬ ಹಬೆಕೋಣೆಯಲ್ಲಿ ಇಬ್ಬರೇ ಕೂತಿದ್ದಾಗ, ಬಿಸಿಕಲ್ಲಿನ ಮೇಲೆ ನೀರು ಚೆಲ್ಲಿ, ಆ ಹಬೆಯ ಮರೆಯಲ್ಲಿ ಮಾಂಡೊ ಬಾಯಿ ಬಿಟ್ಟ.

"ನಗರಸಭೆಯವರ ಹತ್ರ ಮಾತಾಡ್ದೆ."

"ಏನಂತ?"

"ಇನ್‌ಸ್ಪೆಕ್ಟರ್ ಸಿಕ್ಕಿದಾರೆ ಅಂತ. ಸೋಮವಾರದಿಂದ ಬರ್ತಾಳೆ ಅಂದೆ."

"ಮಾಂಡೊ, ನಾನು ಸೂಪ್ ಬಡಿಸೋಳು."

"ನಾನು ಏಣಿಯಿಂದ ಬೀಳೋನು. ಈಗೇನು? ಕಾಗದ ನಿನ್ನ ಹೆಸರಿಗೆ ಬಂದಿದೆ. ಗಾಡಿ ನಾನು ಓಡಿಸ್ತೀನಿ."

ಅವನ ಕೆನ್ನೆ ಮೇಲೆ ಇಳಿಯುತ್ತಿದ್ದದ್ದು ಬೆವರೋ ಇನ್ನೇನೋ ಆ ಹಬೆಯಲ್ಲಿ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಹೀಗೆ ಐಲಿ ಇನ್‌ಸ್ಪೆಕ್ಟರಾದಳು. ಮೊದಮೊದಲು ಊರಿನವರು ಬಾಗಿಲು ತೆಗೆದವರೇ ಅವಳ ತಲೆಯ ಮೇಲಿಂದ ಗಾಡಿಯ ಕಡೆ ನೋಡಿ, "ಮಾಂಡೊ ಇಳಿಯಲ್ವಾ?" ಎನ್ನುತ್ತಿದ್ದರು. ಮಾಂಡೊ ಇಳಿಯುತ್ತಿರಲಿಲ್ಲ. ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು ರೇಡಿಯೋ ಕೇಳುತ್ತಿದ್ದ. ಅವನು ಫೇಲಾದ ಸಂಗತಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೈ ನೋವಿಗೆ ತಾನೇ ಬೇಡವೆಂದಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಹಾಗೇ ತಿಳಿದುಕೊಳ್ಳಲಿ ಎಂದು ಐಲಿಯೂ ಬಿಟ್ಟಿದ್ದಳು.

ಮುಂದೆ ಬಂದ ಚಳಿಗಾಲದಲ್ಲೇ ಅವಳ ತಮ್ಮ ರೈನೊ ಹೊಸ ಫರ್ನೇಸ್ ಹಾಕಿಸಿದ. ಅಕ್ಕನೇ ಇನ್‌ಸ್ಪೆಕ್ಟರ್, ರುಜುವಿಗೇನು ಕಷ್ಟ ಎಂದುಕೊಂಡು ಕಾಫಿ ಕೇಕು ಸಿದ್ಧಮಾಡಿಸಿದ್ದ. ಐಲಿ ನೆಲಮಾಳಿಗೆಗೆ ಇಳಿದು ನೋಡಿದರೆ, ಬೆಂಕಿ ಉರಿಯಲು ಹೊರಗಿನಿಂದ ಗಾಳಿ ತರುವ ಕೊಳವೆಯ ಬಾಯಿಗೆ ಹಳೆಯ ಕಂಬಳಿ ತುರುಕಿತ್ತು.

"ಇದೇನೋ?"

"ಥಂಡಿ ಗಾಳಿ ಬರ್ತಿತ್ತಕ್ಕ. ಬಿಸಿ ಮಾಡ್ಕೊಳಕ್ಕೆ ಫರ್ನೇಸ್ ಹಾಕ್ಸಿ, ಗೋಡೇಲಿ ತೂತು ಬಿಟ್ಕೊಳೋದು ಯಾವ ನ್ಯಾಯ?"

"ಬೆಂಕಿ ಉಸಿರಾಡೋದು ಬೇಡ್ವಾ? ಹೊರಗಿನ ಗಾಳಿ ಸಿಗ್ಲಿಲ್ಲ ಅಂದ್ರೆ ನಿನ್ನ ಪಾಲಿನದನ್ನೇ ತಿಂದು ವಿಷದ ಹೊಗೆ ಬಿಡುತ್ತೆ. ತಲೆನೋವು ಬರ್ತಿದೆಯಾ?"

ಮೆಟ್ಟಿಲ ಮೇಲೆ ನಿಂತಿದ್ದ ರೈನೊನ ಹೆಂಡತಿ, "ದಿನಾ ಬೆಳಿಗ್ಗೆ ಬರುತ್ತೆ. ಮಗೂಗೂ" ಎಂದಳು.

ಐಲಿ ಫರ್ನೇಸ್ ಆರಿಸಿ, ಅದಕ್ಕೆ ಕೆಂಪು ಚೀಟಿ ಕಟ್ಟಿದಳು. ಕಂಬಳಿ ತೆಗೆದು, ಆ ಕೊಳವೆಗೆ ಜಾಲರಿ ಬಿಗಿದು ತೋರಿಸುವ ತನಕ ಹಚ್ಚುವಂತಿಲ್ಲ. ರೈನೊನ ಮುಖ ಬೀಟ್‌ರೂಟ್ ಆಯಿತು. "ಹೊರಗೆ ಹೇಗಿದೆ ಚಳಿ ನೋಡಿದೀಯಾ? ಸ್ವಂತ ತಮ್ಮನ ಮನೆ! ಸೂಪಿನ ಸೌಟು ಬಿಟ್ಟು ಎಷ್ಟು ದಿನ ಆಯ್ತು ನಿಂಗೆ?" ಎಂದು ಕಿರುಚಿ, ಕೋಟೂ ಹಾಕಿಕೊಳ್ಳದೆ ಮಾಂಡೊ ಕೂತಿದ್ದ ಗಾಡಿಯ ಬಳಿಗೆ ಓಡಿ ಕಿಟಕಿ ಬಡಿದ. ಐಲಿ ಹಿಂದೆಯೇ ಬಂದಳು. ಅಕ್ಕಪಕ್ಕದವರು ಹಿಮ ಎತ್ತುವ ಸಲಿಕೆ ಹಿಡಿದು ನಿಂತು ನೋಡುತ್ತಿದ್ದರು.

"ಭಾವ, ನೀವಾದ್ರೂ ಹೇಳಿ ನಿಮ್ಮ ಹೆಂಡ್ತಿಗೆ! ಈ ಊರಿನ ಫರ್ನೇಸೆಲ್ಲ ನಿಮಗೆ ಗೊತ್ತು. ಅವಳಿಗೇನ್ ಗೊತ್ತು?"

ಮಾಂಡೊ ನಿಧಾನವಾಗಿ ಗಾಜು ಇಳಿಸಿದ.

"ನಾನು ಆ ಪರೀಕ್ಷೇಲಿ ಎರಡು ಸಲ ಫೇಲಾದೋನು ಕಣೋ ರೈನೊ. ಓದಕ್ಕೆ ಬರಲ್ಲ ನಂಗೆ ಸರಿಯಾಗಿ. ಪಾಸಾದೋಳು ಅವಳು. ಅವಳ್ನ ಕೇಳು."

ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಯಾವತ್ತೂ ಯಾರಿಗೂ ಹೇಳದ ಮಾತು. ಐಲಿ ಕೈಯಲ್ಲಿ ಟಾರ್ಚ್ ಹಿಡಿದು ಹಾಗೇ ನಿಂತಳು. ರೈನೊ ಒಳಗೆ ಹೋಗಿ ಕಂಬಳಿ ಎಳೆದು ಹಾಕಿದ. ಮಾಂಡೊ ಇಳಿದು ಬಂದು, ಒಂದೇ ಕೈಯಲ್ಲಿ ಜಾಲರಿ ಬಿಗಿಯಲು ಅವನಿಗೆ ನೆರವಾದ. ಸಂಜೆಯೊಳಗೆ ಫರ್ನೇಸ್ ಹತ್ತಿತು, ನೀಲಿ ಬೆಂಕಿ. ತಲೆನೋವು ಹೋದ ಮೇಲೆ ರೈನೊನ ಹೆಂಡತಿಯೇ ಮಾಂಸ ತುಂಬಿದ ಪಾಸ್ಟಿ ಮಾಡಿಕೊಂಡು ಬಂದು ಕೊಟ್ಟು ಹೋದಳು. ರೈನೊ ಮಾತಾಡಿಸಲು ಈಸ್ಟರ್ ಹಬ್ಬ ಬರಬೇಕಾಯಿತು. ಆ ದಿನದಿಂದ ಯಾವ ಮನೆಯ ಬಾಗಿಲಲ್ಲೂ ಯಾರೂ ಗಾಡಿಯ ಕಡೆ ನೋಡಲಿಲ್ಲ.

ಮಾಂಡೊ ತೀರಿಕೊಂಡು ಈಗ ಹನ್ನೆರಡು ವರ್ಷ. ಅವನು ಹೋದ ಮೇಲೆ ಐಲಿಗೆ ಹಳೆಯ ದಿನಗಳು ನೆನಪಾಗುವುದಿದೆ, ಆದರೆ ಕೆಲಸ ಸಿಕ್ಕ ದಿನವಲ್ಲ, ರೈನೊನ ಬೀದಿಯೂ ಅಲ್ಲ. ನೆನಪಾಗುವುದು ಇಬ್ಬರೂ ಪರೀಕ್ಷೆ ಬರೆದು ಎಸ್ಕನಾಬಾದಿಂದ ಹಿಂತಿರುಗಿದ ಸಂಜೆ. ದಾರಿಬದಿಯ ಅಂಗಡಿಯಲ್ಲಿ ಹುರಿದ ಮೀನು ಕಟ್ಟಿಸಿಕೊಂಡು, ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿ ತಿಂದಿದ್ದರು. ಅಂಚಿನಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು. ಈ ಸಲ ಹಾಳೆ ಪೂರ್ತಿ ತುಂಬಿಸಿದ್ದೇನೆ ಎಂದು ಮಾಂಡೊ ಹುಡುಗನ ಹಾಗೆ ಕುಣಿಯುತ್ತಿದ್ದ.

"ಇಬ್ಬರೂ ಪಾಸಾದ್ರೆ ಕೆಲಸ ಯಾರಿಗೆ?" ಎಂದು ಅವಳು ಕೇಳಿದ್ದಳು.

"ನಿಂಗೇ ಇರ್ಲಿ. ನಾನು ಮನೇಲಿ ಅಡುಗೆ ಮಾಡ್ತೀನಿ."

"ದೇವರೇ, ಹಾಗಾದ್ರೆ ಫೇಲಾಗೋದೇ ವಾಸಿ!"

ಅವನು ನಕ್ಕ ನಗುವಿಗೆ ಮೀನಿನ ಪೊಟ್ಟಣ ತೊಡೆಯಿಂದ ಜಾರಿ ತೆರೆದಿದ್ದ ಬಾಗಿಲಾಚೆ ಬಿತ್ತು. ದಂಡೆಯ ನೀರಹಕ್ಕಿಗಳೆಲ್ಲ ಗಾಡಿಯನ್ನು ಮುತ್ತಿಕೊಂಡವು.