ಕಂಡಕ್ಟರಕ್ಕನ ಸಂಜೆ ಆಸ್ಪತ್ರೆ ಸಮರ

ನಲವತ್ತೆರಡು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿ, ತೊಂಬತ್ತೊಂದನೆಯವನನ್ನೂ ‘ಒಳಗೆ ಬೇಕಾದಷ್ಟು ಜಾಗ ಇದೆ, ಮುಂದೆ ನಡೀರಿ’ ಎಂದು ನಂಬಿಸಿ ಹತ್ತಿಸಿಕೊಂಡವರನ್ನು ಇತಿಹಾಸದ ಪುಸ್ತಕಗಳು ಸೇನಾಧಿಪತಿಗಳ ಸಾಲಿನಲ್ಲಿ ಸೇರಿಸಿಲ್ಲ. ಇತಿಹಾಸ ಬರೆದವರು ಬಸ್ಸಿನಲ್ಲಿ ಓಡಾಡಿದವರಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕಂಡಕ್ಟರಕ್ಕ ಈ ಸಾಹಸವನ್ನು ಇಪ್ಪತ್ತೆಂಟು ವರ್ಷ, ದಿನಕ್ಕೆ ಆರು ಟ್ರಿಪ್ಪಿನಂತೆ ಮಾಡಿ, ಎರಡು ಮೊಣಕಾಲುಗಳನ್ನೂ ಸಾರಿಗೆ ಇಲಾಖೆಗೆ ಅರ್ಪಿಸಿ ನಿವೃತ್ತಳಾದವಳು.

ನಿವೃತ್ತಿಯಾಗಿ ಎರಡು ವರ್ಷವಾದರೂ ಬಸ್ಸು ಅವಳ ಮೈಬಿಟ್ಟು ಇಳಿದಿರಲಿಲ್ಲ. ಅಡುಗೆಮನೆಯಲ್ಲಿ ನಿಂತರೆ ನೆಲ ಯಾವಾಗ ಬೇಕಾದರೂ ತಿರುವು ತೆಗೆದುಕೊಳ್ಳಬಹುದು ಎಂಬಂತೆ ಕಾಲಗಲಿಸಿ, ಬೆನ್ನನ್ನು ಕಪಾಟಿಗೆ ಆನಿಸಿ ನಿಲ್ಲುತ್ತಿದ್ದಳು. ಬಚ್ಚಲಲ್ಲಿ ತಂಗಿ ತಡಮಾಡಿದರೆ ಬಾಗಿಲ ಮೇಲೆ ಟಪ್ ಟಪ್ ಎಂದು ಎರಡು ಸಲ ಬಡಿಯುತ್ತಿದ್ದಳು. ಎರಡು ಬಡಿತ ಎಂದರೆ ಗಾಡಿ ಹೊರಡಲಿ ಎಂದರ್ಥ. ತಂಗಿ ಒಳಗಿನಿಂದ ಒಂದೇ ಸಲ ಬಡಿಯುತ್ತಿದ್ದಳು. ಅದರ ಅರ್ಥ, ನಿಲ್ಲಿಸು.

ಮಹಡಿಯ ಮೇಲಿನ ಆ ಎರಡು ಕೋಣೆಯ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ತಂಗಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಬಟ್ಟೆಯ ಧೂಳಿಗೋ ಏನೋ, ಅವಳಿಗೆ ಉಬ್ಬಸ. ಅದೂ ಬಲು ಶಿಸ್ತಿನ ಉಬ್ಬಸ, ಬಂದರೆ ಸಂಜೆ ಆರರಿಂದ ಏಳರ ಒಳಗೆ ಬರುತ್ತಿತ್ತು. ವಾರ್ಡಿನ ಆರೋಗ್ಯ ಕೇಂದ್ರ ಇನ್ನೂರು ಹೆಜ್ಜೆ ದೂರದಲ್ಲಿತ್ತು, ಅದೂ ಬಲು ಶಿಸ್ತಿನದು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬೀಗ. ಈ ಎರಡು ಶಿಸ್ತುಗಳು ಎಂದೂ ಭೇಟಿಯಾಗುತ್ತಿರಲಿಲ್ಲ.

ಒಂದು ಸಂಜೆ ತಂಗಿಯ ಎದೆ ಕುಲುಮೆಯ ತಿದಿಯಂತೆ ಸದ್ದು ಮಾಡತೊಡಗಿತು. ಕಂಡಕ್ಟರಕ್ಕ ಅವಳನ್ನು ಹಿಡಿದುಕೊಂಡು ಕೇಂದ್ರದ ತನಕ ಹೋದಳು. ಬೀಗ. ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದರೆ, ಒಳಗೆ ಮೇಜಿನ ಮೇಲೆ ಹಬೆ ಕೊಡುವ ಮಿಷನ್ನು ಹೂವಿನ ಚಿತ್ತಾರದ ಬಟ್ಟೆ ಹೊದ್ದು ಹಾಯಾಗಿ ಕೂತಿತ್ತು. ನಡುವೆ ಇದ್ದದ್ದು ಒಂದು ಗಾಜು. ಕೊನೆಗೆ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ತಂಗಿಯ ತುಟಿ ನೀಲಿಗಟ್ಟಿತ್ತು. ಡಾಕ್ಟರು, ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಪ್ರಯಾಣಿಕರ ಮುಂದೆಯೂ ಅಳದ ಕಂಡಕ್ಟರಕ್ಕ ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಮೂಗು ಒರೆಸಿಕೊಂಡಳು. ಒರೆಸಿಕೊಂಡಾದ ಮೇಲೆ ಯುದ್ಧ ಸಾರಿದಳು.

ಮೊದಲು ವಾರ್ಡಿನ ಸದಸ್ಯರ ಬಳಿ ಹೋದಳು. ಅವರನ್ನು ಜನ ಕರೆಯುತ್ತಿದ್ದದ್ದು ‘ನೋಡೋಣ ಸಾಹೇಬರು’ ಎಂದು. ಹದಿನೈದು ವರ್ಷದಿಂದ ಅವರು ಯಾರಿಗೂ ಇಲ್ಲ ಎಂದವರಲ್ಲ. ಚರಂಡಿ ಕಟ್ಟಿದೆ ಎಂದರೆ ನೋಡೋಣ, ಬೀದಿದೀಪ ಸತ್ತಿದೆ ಎಂದರೆ ನೋಡೋಣ. ಕೇಂದ್ರವನ್ನು ಸಂಜೆ ಎಂಟರ ತನಕ ತೆರೆಯಿರಿ ಎಂದಾಗಲೂ ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಮೃದುವಾಗಿ ಆಡಿಸಿ ಅದನ್ನೇ ದಯಪಾಲಿಸಿದರು. ಕಂಡಕ್ಟರಕ್ಕ ಬಾಗಿಲು ದಾಟುವಾಗ ಲೆಕ್ಕ ಹಾಕಿದಳು, ಚುನಾವಣೆಗೆ ಇನ್ನು ಮೂರು ತಿಂಗಳು.

ಹೀಗೆ ಹುಟ್ಟಿದ್ದು ಸಂಜೆ ಆಸ್ಪತ್ರೆ ಸಂಘ. ಸಭೆ ಸೇರುತ್ತಿದ್ದದ್ದು ಮೂಲೆಯ ಸಲೂನಿನಲ್ಲಿ. ಅದಕ್ಕೆ ಕಾರಣ ಕನ್ನಡಿಗಳು. ಎದುರುಬದುರು ಗೋಡೆಗಳಲ್ಲಿ ಉದ್ದುದ್ದ ಕನ್ನಡಿ ಇದ್ದುದರಿಂದ, ಒಂಬತ್ತು ಜನ ಕೂತರೂ ಕಣ್ಣು ಹಾಯಿಸಿದಷ್ಟು ದೂರ ಸಂಘದ ಸದಸ್ಯರೇ ಕಾಣುತ್ತಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಈ ಮಹಾಜನಸ್ತೋಮವನ್ನು ಕಂಡು ಪುಳಕಿತರಾಗಿ, ಮೊದಲ ಸಭೆಯಲ್ಲೇ ಮೂವತ್ತೇಳು ಬೇಡಿಕೆಗಳ ಪಟ್ಟಿ ಓದಿದರು. ಹಲ್ಲಿನ ಡಾಕ್ಟರು, ಕಣ್ಣಿನ ಡಾಕ್ಟರು, ಕೂರಲು ಬೆನ್ನಿರುವ ಬೆಂಚು. ಕಂಡಕ್ಟರಕ್ಕ ಪಟ್ಟಿಯನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಅಲುಗಾಡುವ ಕಾಲಿನ ಕೆಳಗಿಟ್ಟಳು. ಬಸ್ಸಿನ ಬೋರ್ಡಿನಲ್ಲಿ ಒಂದೇ ಊರಿನ ಹೆಸರಿರಬೇಕು, ಮೂವತ್ತೇಳು ಊರು ಬರೆದರೆ ಜನ ಹತ್ತುವುದಿಲ್ಲ ಎಂದಳು. ಮೇಷ್ಟ್ರು ಮುಖ ಊದಿಸಿಕೊಂಡರೂ ಮರುದಿನ ಆಳೆತ್ತರದ ಬೋರ್ಡು ಬರೆದು ತಂದರು. ಅದರಲ್ಲಿ ಇದ್ದದ್ದು ಇಷ್ಟೆ: ಸಂಜೆ ಎಂಟರವರೆಗೆ.

ಅಭ್ಯರ್ಥಿ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಸಲೂನಣ್ಣನ ಕಡೆ ತಿರುಗಿದರು. ವಾರ್ಡಿನ ಗಂಡಸರೆಲ್ಲ ತಮ್ಮ ಕುತ್ತಿಗೆಯನ್ನು ನಂಬಿಕೆಯಿಂದ ಒಪ್ಪಿಸಿದ ಮನುಷ್ಯ, ಓಟು ಒಪ್ಪಿಸುವುದು ಎಷ್ಟರ ಮಾತು ಎಂದು ತಂಗಿಯ ವಾದ. ಆತ ಗಾಬರಿಯಿಂದ ಒಪ್ಪಿದ. ಆದರೆ ಮೊದಲ ಬೀದಿಸಭೆಯಲ್ಲಿ ಮೈಕಿನ ಮುಂದೆ ಬಂದವನು ಗರಬಡಿದವನಂತೆ ನಿಂತುಬಿಟ್ಟ. ಅಂಗಡಿಯಲ್ಲಿ ಅರಳು ಹುರಿದಂತೆ ಮಾತಾಡುವವನ ಬಾಯಿಂದ ಗಾಳಿಯೂ ಬರಲಿಲ್ಲ. ರೋಗ ಪತ್ತೆ ಮಾಡಿದವಳು ಮತ್ತೆ ತಂಗಿಯೇ. ಪಾಪ, ಅವನ ಕೈ ಖಾಲಿ ಇತ್ತು. ಮುಂದಿನ ಸಭೆಗೆ ವೇದಿಕೆಯ ಮೇಲೊಂದು ಕುರ್ಚಿ ಹಾಕಿ, ಮೇಷ್ಟ್ರನ್ನು ಕೂರಿಸಿ, ಅಭ್ಯರ್ಥಿಯ ಕೈಗೆ ಕತ್ತರಿ ಬಾಚಣಿಗೆ ಕೊಟ್ಟರು. ಕತ್ತರಿ ಎರಡು ಸಲ ಗಾಳಿಯಲ್ಲಿ ಚಕಚಕ ಎಂದದ್ದೇ ತಡ, ಮಾತು ಹೊಳೆಯಾಗಿ ಹರಿಯಿತು. ಜ್ವರ ಗಡಿಯಾರ ನೋಡಿಕೊಂಡು ಬರುತ್ತದಾ ಎಂದು ಕೇಳಿದ, ಜನ ಚಪ್ಪಾಳೆ ಹೊಡೆದರು. ಹದಿನೊಂದು ಸಭೆಗಳಾದವು. ಮೇಷ್ಟ್ರ ತಲೆಯಲ್ಲಿ ಕತ್ತರಿಸಲು ಮೂರನೆಯ ಸಭೆಗೇ ಏನೂ ಉಳಿದಿರಲಿಲ್ಲ. ಚಳವಳಿಗಾಗಿ ಅವರಷ್ಟು ತ್ಯಾಗ ಮಾಡಿದವರು ಸಂಘದಲ್ಲಿ ಮತ್ತೊಬ್ಬರಿಲ್ಲ.

ಮನೆಮನೆ ಪ್ರಚಾರದ ದಂಡನಾಯಕಿ ಕಂಡಕ್ಟರಕ್ಕನೇ. ವಾರ್ಡನ್ನು ಹದಿನಾಲ್ಕು ಸ್ಟಾಪುಗಳಾಗಿ ಒಡೆದಳು. ಹಿಟ್ಟಿನ ಗಿರಣಿ ಸ್ಟಾಪು, ಮುರಿದ ನಲ್ಲಿ ಸ್ಟಾಪು, ನಾಯಿ ಇರುವ ಗೇಟು ಸ್ಟಾಪು. ಟಿಕೆಟ್ ಕಳ್ಳರನ್ನು ಹಿಡಿದು ಪಳಗಿದ ಕಣ್ಣು ಅವಳದು. ‘ಅಯ್ಯೋ ಅಕ್ಕ, ನಮ್ಮ ಓಟು ನಿಮಗಲ್ಲದೆ ಇನ್ಯಾರಿಗೆ’ ಎಂದು ಬಾಗಿಲಲ್ಲೇ ಕರಗಿಹೋದವರ ಹೆಸರಿನ ಮುಂದೆ ‘ಪಾಸ್ ಇದೆ ಅಂದವರು, ತೋರಿಸಲಿಲ್ಲ’ ಎಂದು ಗುರುತು ಹಾಕುತ್ತಿದ್ದಳು. ‘ನಿಮ್ಮಿಂದ ಏನಾಗತ್ತೆ ಬಿಡಿ’ ಎಂದು ಜಗಳಕ್ಕೆ ನಿಂತವರನ್ನು ಮಾತ್ರ ಅರ್ಧ ಗಂಟೆ ಕೂತು ಮಾತಾಡಿಸುತ್ತಿದ್ದಳು. ಜಗಳ ಆಡುವವನು ಬಸ್ಸು ಹತ್ತುವವನೇ, ಹತ್ತದವನಿಗೆ ಜಗಳ ಯಾಕೆ ಬೇಕು ಎಂಬುದು ಅವಳ ಸಿದ್ಧಾಂತ.

ಅಂತೂ ಮತದಾನದ ದಿನ ಬಂತು. ಬೆಳಗ್ಗೆ ಏಳಕ್ಕೇ ಕಂಡಕ್ಟರಕ್ಕ ಹಳೆಯ ಚರ್ಮದ ಚೀಲವನ್ನು ಹೆಗಲಿಗೇರಿಸಿ ಬೀದಿಗಿಳಿದಳು. ಸ್ಟಾಪಿನಿಂದ ಸ್ಟಾಪಿಗೆ ಜನರನ್ನು ಕಲೆಹಾಕುತ್ತ ಮೊದಲ ಟ್ರಿಪ್ಪು ಮತಗಟ್ಟೆಗೆ ತಲುಪಿಸಿದಳು, ಎರಡನೆಯದು, ಮೂರನೆಯದು. ಹನ್ನೊಂದರ ಹೊತ್ತಿಗೆ ಎಡವಟ್ಟು ಶುರುವಾಯಿತು. ಮತಗಟ್ಟೆಯಾಗಿದ್ದ ಶಾಲೆಯ ಅಂಗಳದಲ್ಲಿ ಸಾಲು ಜಡೆ ಬಿಚ್ಚಿದ ಹಾಗೆ ಚೆಲ್ಲಾಪಿಲ್ಲಿಯಾಗಿತ್ತು. ಬಿಸಿಲಿಗೆ ಬೇಸತ್ತು ಜನ ಒಬ್ಬೊಬ್ಬರಾಗಿ ಮನೆಗೆ ಜಾರುತ್ತಿದ್ದರು, ಅವರ ಕಡೆಯವರು ಇವರ ಕಡೆಯವರು ಎಂಬ ಭೇದವಿಲ್ಲದೆ. ಅರೆಬರೆ ತುಂಬಿದ ಸಾಲು ಕಣ್ಣೆದುರೇ ಕರಗುವುದನ್ನು ನೋಡಿಕೊಂಡು ಸುಮ್ಮನಿರುವ ಶಕ್ತಿಯನ್ನು ದೇವರು ಕಂಡಕ್ಟರಕ್ಕನಿಗೆ ಕೊಟ್ಟಿರಲಿಲ್ಲ.

ಅವಳು ಸಾಲಿನ ತಲೆಗೆ ಹೋಗಿ ನಿಂತಳು. ವಯಸ್ಸಾದವರು ನೆರಳಿಗೆ, ಕೂಸು ಎತ್ತಿಕೊಂಡವರು ಮುಂದಕ್ಕೆ, ಚೀಟಿ ಕೈಯಲ್ಲಿರಲಿ, ಗುರುತಿನ ಕಾರ್ಡು ಹೊರಗೆ ತೆಗೆದಿರಲಿ. ಮತಗಟ್ಟೆಯ ಅಧಿಕಾರಿ ಗದರಿಸಲೆಂದು ಹೊರಗೆ ಬಂದವರು, ಹತ್ತೇ ನಿಮಿಷದಲ್ಲಿ ಸಾಲು ಎಣ್ಣೆ ಹಾಕಿದ ಸರಪಳಿಯಂತೆ ಸರಿಯುವುದನ್ನು ಕಂಡು ಹಾಗೇ ಒಳಗೆ ಹೋದರು. ನೋಡೋಣ ಸಾಹೇಬರ ಕಡೆಯವರಂತೂ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಮನೆಗೆ ಜಾರಿದ್ದ ಅವರ ಮತದಾರರನ್ನೂ ಕಂಡಕ್ಟರಕ್ಕ ‘ಬನ್ನಿ ಬನ್ನಿ, ಜಾಗ ಇದೆ’ ಎಂದು ಕೂಗಿ ಕರೆದು ಸಾಲಿಗೆ ಸೇರಿಸುತ್ತಿದ್ದಳು.

ತಂಗಿಗೆ ರಕ್ತ ಕುದಿಯಿತು. ಅಕ್ಕನ ತೋಳು ಹಿಡಿದು ಪಕ್ಕಕ್ಕೆಳೆದಳು. “ಅವ್ರು ಅವನಿಗೆ ಓಟು ಹಾಕೋರು ಕಣೇ ಅಕ್ಕ. ನೀನು ಯಾರ ಬಸ್ಸಿಗೆ ಜನ ಹತ್ತಿಸ್ತಿದ್ದೀಯ?”

“ಸ್ಟಾಪಲ್ಲಿ ನಿಂತೋರೆಲ್ಲ ಪ್ಯಾಸೆಂಜರ್ರೇ” ಎಂದಳು ಕಂಡಕ್ಟರಕ್ಕ. “ಯಾವೂರಿಗೆ ಹೋಗ್ತಾರೋ ಅವರಿಷ್ಟ. ಬಿಟ್ಟು ಹೋಗೋಕೆ ನನ್ ಕೈಲಾಗಲ್ಲ.”

ಸಂಜೆ ಆರಕ್ಕೆ ಗೇಟು ಮುಚ್ಚಬೇಕು. ಐದೂವರೆಗೇ ಅವಳು ಕಾವಲಿನ ಪೊಲೀಸಪ್ಪನಿಗೆ ಪಾಠ ಹೇಳಿಕೊಟ್ಟಿದ್ದಳು. ಆರು ಅಂದರೆ ಆರು, ನಿಮ್ಮ ಹೆತ್ತ ತಾಯಿ ಓಡಿ ಬಂದರೂ ತೆಗೀಬಾರದು, ಒಬ್ಬರಿಗೆ ತೆಗೆದರೆ ಊರಿಗೆಲ್ಲ ತೆಗೆದ ಹಾಗೆ. ಕೊನೆಯದಾಗಿ ಊರುಗೋಲಿನ ಅಜ್ಜಿಯೊಬ್ಬಳನ್ನು ನಡೆಸಿಕೊಂಡು ಬಂದು ಬೆನ್ನಿಗೆ ಕೈಕೊಟ್ಟು ಒಳಗೆ ಸೇರಿಸಿದಳು. ಗೇಟು ಮುಚ್ಚಿತು. ಕಂಡಕ್ಟರಕ್ಕ ತೃಪ್ತಿಯಿಂದ ಗೇಟಿನ ಮೇಲೆ ಟಪ್ ಟಪ್ ಎಂದು ಬಡಿದಳು.

ಆಗ ಸಲೂನಣ್ಣ ಬಂದು, ಅಕ್ಕ ಯಾವಾಗ ಓಟು ಹಾಕಿದಿರಿ, ನಾನು ನೋಡಲೇ ಇಲ್ಲವಲ್ಲ ಎಂದ. ಅವಳು ಬೆರಳು ನೋಡಿಕೊಂಡಳು. ಶಾಯಿಯ ಚುಕ್ಕೆಯೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟು, ಒಮ್ಮೆಯೂ ತನಗೆಂದು ಒಂದು ಹರಿಯದವಳು ಇಂದೂ ಹಾಗೇ ಮಾಡಿದ್ದಳು. ಪೊಲೀಸಪ್ಪನ ಮುಖ ನೋಡಿದಳು.

“ಅಕ್ಕ, ನೀವೇ ಹೇಳಿದ್ದು” ಎಂದ ಅವನು, ಅಳು ಬಂದವನಂತೆ. “ನಮ್ಮಮ್ಮ ಬಂದ್ರೂ ಬೇಡ ಅಂದ್ರಿ.”

ತಂಗಿ ಮನೆ ಸೇರುವ ತನಕ ಬಾಯಿ ಬಿಡಲಿಲ್ಲ, ಸೇರಿದ ಮೇಲೆ ಎರಡು ದಿನ ಮುಚ್ಚಲಿಲ್ಲ.

ಮೂರನೆಯ ದಿನ ಮತ ಎಣಿಕೆ. ಅದೇ ಶಾಲೆಯ ದೊಡ್ಡ ಕೋಣೆಯಲ್ಲಿ ಎರಡೂ ಕಡೆಯವರು ಕಿಕ್ಕಿರಿದಿದ್ದರು. ಚುನಾವಣಾಧಿಕಾರಿ ಮೂರು ಸಲ ಎಣಿಸಿದರು, ನಾಲ್ಕನೆಯ ಸಲ ಕನ್ನಡಕ ಒರೆಸಿ ಎಣಿಸಿದರು. ಸಲೂನಣ್ಣನಿಗೆ ಸಾವಿರದ ನಾನ್ನೂರ ಆರು. ನೋಡೋಣ ಸಾಹೇಬರಿಗೆ ಸಾವಿರದ ನಾನ್ನೂರ ಆರು. ಕೋಣೆಯ ಒಂದರ್ಧ ಸಾಹೇಬರನ್ನು ನೋಡಿತು, ಇನ್ನೊಂದರ್ಧ ಕಂಡಕ್ಟರಕ್ಕನನ್ನು ನೋಡಿತು. ಅವಳಿಗೆ ಕಾಲಕೆಳಗಿನ ನೆಲ ನಿಜಕ್ಕೂ ತಿರುವು ತೆಗೆದುಕೊಂಡಂತಾಯಿತು. ಒಂದು ಓಟು. ತನ್ನದೇ ಓಟು. ಗಾಜಿನಾಚೆ ಹೂವಿನ ಬಟ್ಟೆ ಹೊದ್ದು ಕೂತ ಮಿಷನ್ನು ಕಣ್ಣಮುಂದೆ ಬಂತು. ತಂಗಿ ಈ ಬಾರಿ ಬೈಯಲಿಲ್ಲ. ಅಕ್ಕನ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೇ. ಬೈಗುಳಕ್ಕಿಂತ ಅದೇ ಹೆಚ್ಚು ನೋಯಿಸಿತು.

ಸಮಬಲವಾದರೆ ಚೀಟಿ ಎತ್ತುವುದೇ ನಿಯಮ ಎಂದರು ಅಧಿಕಾರಿ. ಇಬ್ಬರೂ ಒಪ್ಪಿದವರು ಎತ್ತಬೇಕು. ಮಹಾ ಜಗ್ಗಾಟ ಶುರುವಾಯಿತು. ಇವರು ಹೇಳಿದ ಕೈ ಅವರಿಗಾಗದು, ಅವರು ಹೇಳಿದ ಕೈ ಇವರಿಗಾಗದು. ಪೊಲೀಸಪ್ಪನ ಕೈಯೂ ಬೇಡವಾಯಿತು. ಕೊನೆಗೆ ಸಾಹೇಬರ ಕಡೆಯ ಹಿಟ್ಟಿನ ಗಿರಣಿಯವನೇ ಎದ್ದು, ಕಂಡಕ್ಟರಕ್ಕ ಎತ್ತಲಿ ಎಂದ. ನಾನು ನಿಮ್ಮ ಎದುರಾಳಿ ಅಂತ ಗೊತ್ತಿದ್ದೂ ನನ್ನನ್ನು ಮನೆಯಿಂದ ಕರೆದು ಸಾಲಿಗೆ ನಿಲ್ಲಿಸಿದ ಕೈ ಅದು, ಅದು ಮೋಸ ಮಾಡುವುದಿಲ್ಲ ಎಂದ. ಸಾಹೇಬರು ಕಣ್ಣು ಅರ್ಧ ಮುಚ್ಚಿ ಬಾಯಿ ತೆರೆಯುವಷ್ಟರಲ್ಲಿ ಅವರ ಕಡೆಯವರೆಲ್ಲ ಹೂಂ ಹೂಂ ಎಂದಾಗಿತ್ತು.

ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಚೀಟಿ ಹಾಕಿ ಮುಂದಿಟ್ಟರು. ಕಂಡಕ್ಟರಕ್ಕ ಡಬ್ಬಿಯ ಮುಂದೆ ಕಾಲಗಲಿಸಿ ನಿಂತಳು, ಕೈಯನ್ನು ಮಾತ್ರ ಮುಂದಕ್ಕೆ ಚಾಚಲಿಲ್ಲ.

“ಸಾಹೇಬ್ರೇ, ಎಲ್ರೂ ಟಿಕೆಟ್ ತಗೊಳ್ಳೋವರ್ಗೂ ಗಾಡಿ ಹೊರಡಲ್ಲ. ಗೆದ್ದೋರು ತಿಂಗಳೊಳಗೆ ಆಸ್ಪತ್ರೇನ ಸಂಜೆ ಎಂಟರವರೆಗೆ ತೆಗಿಸ್ತೀವಿ ಅಂತ ಬರ್ದು, ತಾರೀಖು ಹಾಕಿ, ಇಬ್ರೂ ಸಹಿ ಮಾಡಿ. ಆಮೇಲೆ ಎತ್ತುತ್ತೀನಿ.”

“ನೋಡೋ...” ಎಂದರು ಸಾಹೇಬರು.

ಆ ಶಬ್ದ ಪೂರ್ತಿಯಾಗಲಿಲ್ಲ. ಹಿಟ್ಟಿನ ಗಿರಣಿಯವನು ಕೆಮ್ಮಿದ. ಅವನ ಕೆಮ್ಮೂ ಸಂಜೆಯದೇ. ಅವನ ಪಕ್ಕದವಳು ಕೂಸನ್ನು ಹೆಗಲಿಂದ ಹೆಗಲಿಗೆ ಬದಲಿಸಿದಳು. ಹದಿನೈದು ವರ್ಷ ತಮಗೆ ಓಟು ಹಾಕಿದವರೆಲ್ಲ ತಮ್ಮ ಪೆನ್ನಿನ ಕಡೆಯೇ ನೋಡುತ್ತಿರುವುದನ್ನು ಸಾಹೇಬರು ಆಗ ಕಂಡರು. ಸಲೂನಣ್ಣ ಆಗಲೇ ಸಹಿ ಹಾಕಿ ಕಾಗದವನ್ನು ಅವರತ್ತ ಸರಿಸಿದ್ದ. ಸಾಹೇಬರು ಸಹಿ ಹಾಕಿದರು. ಅಧಿಕಾರಿ ಸಾಕ್ಷಿಯಾಗಿ ತಾವೂ ಒಂದು ಗೀಚಿದರು, ಯಾರೂ ಕೇಳದಿದ್ದರೂ.

ಕಂಡಕ್ಟರಕ್ಕ ಕಣ್ಣು ಮುಚ್ಚಿ ಚೀಟಿ ಎತ್ತಿದಳು. ಬಿಚ್ಚಿ ನೋಡಿದರೆ ನೋಡೋಣ ಸಾಹೇಬರ ಹೆಸರು. ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟವನು ಸಲೂನಣ್ಣ. ಗಿರಾಕಿಯೊಬ್ಬನ ಅರ್ಧ ಗಡ್ಡಕ್ಕೆ ನೊರೆ ಹಚ್ಚಿ ಬಂದಿದ್ದೇನೆ ಎಂದು ಹೇಳಿ, ಸೋತವನೆಂಬ ಗುರುತೇ ಇಲ್ಲದ ಹೆಜ್ಜೆಯಲ್ಲಿ ಓಡಿದ. ಮೇಷ್ಟ್ರು ಮಾತ್ರ ಬೋಳುತಲೆ ಸವರಿಕೊಳ್ಳುತ್ತ, ಇಷ್ಟಕ್ಕಾ ಎಂದು ಗೊಣಗಿದರು. ಹೊರಗೆ ಜನ ಸೋತ ಸಂಘವನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು, ಗೆದ್ದ ಸಾಹೇಬರು ಆ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದರು.

ಇಪ್ಪತ್ತಾರನೆಯ ದಿನಕ್ಕೆ ಕೇಂದ್ರದಲ್ಲಿ ಸಂಜೆ ದೀಪ ಉರಿಯಿತು. ಅದೇ ವಾರ ಒಂದು ಸಂಜೆ ಆರೂಕಾಲಿಗೆ ತಂಗಿಯ ಎದೆ ಸದ್ದು ಮಾಡಿತು. ಆರೂವರೆಗೆ ಅವಳು ಮಿಷನ್ನಿನ ಮುಂದೆ ಕೂತಿದ್ದಳು, ಏಳಕ್ಕೆ ಬಾಗಿಲಾಚೆ ಬಂದಳು. ಮೂಗಿನ ಸುತ್ತ ಮಾಸ್ಕಿನ ಕೆಂಪು ಗೆರೆ ಇತ್ತು, ಮುಖದಲ್ಲಿ ಕಳೆ ಇತ್ತು. ಮನೆಗೆ ಇನ್ನೂರು ಹೆಜ್ಜೆ, ನಡುವೆ ಏರು. ತಂಗಿ ಆ ಏರನ್ನು ನಿಲ್ಲದೆ ಹತ್ತಿದಳು. ಹತ್ತುತ್ತಲೇ, ಈ ಸಲ ಓಟು ಹಾಕುವುದನ್ನು ಮರೆತ ಮಹಾನುಭಾವೆಯ ಕಥೆಯನ್ನು ಎದುರು ಬಂದವರಿಗೆಲ್ಲ ಮೊದಲಿಂದ ಕೊನೆಯತನಕ ಹೇಳಿದಳು, ಒಂದು ಕಡೆಯೂ ಉಸಿರಿಗೆ ತಡವರಿಸಲಿಲ್ಲ. ಹಿಂದೆ ಉಳಿದವಳು ಕಂಡಕ್ಟರಕ್ಕ, ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಮೊಣಕಾಲ ಮೇಲೆ.

“ಸ್ವಲ್ಪ ನಿಧಾನಕ್ಕೆ ಹೋಗೇ ಮಾರಾಯ್ತಿ” ಎಂದು ಕೂಗಿದಳು.

“ಬೇಗ ಬೇಗ ಹತ್ಕೊಂಡು ಬಾ” ಎಂದಳು ತಂಗಿ ತಿರುಗಿ ನೋಡದೆ. “ಮುಂದೆ ಬೇಕಾದಷ್ಟು ಜಾಗ ಇದೆ.”