ಹಗ್ಗ ತಂದವನಿಗೆ ಹಸು

ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಕಳೆದ ವಾರ ಮಾತ್ರ ಒಂದು ಘನವಾದ ಹುದ್ದೆ ಒದಗಿತು. ಮದ್ದೂರಿನ ದನದ ಸಂತೆಯಲ್ಲಿ ನನ್ನಕ್ಕನ ಹಸುವಿನ ಪರವಾಗಿ ನಿಲ್ಲುವುದು. ಅರ್ಹತೆ? ಕನ್ನಡಕ.

"ನೀನು ಬಾಯ್ ಬುಡ್ಬೇಡ. ಕನ್ನಡ್ಕ ಆಕ್ಕೊಂಡು ಸುಮ್ಕೆ ನಿಂತ್ಕೊ. ದಲ್ಲಾಳಿ ಯಾರೋ ಆಪೀಸರು ಅಂದ್ಕತಾನೆ," ಎಂದಳು ಫೋನಿನಲ್ಲಿ.

ಅಕ್ಕ ಇರುವುದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ. ಮಂಡಿ ಸವೆದು ಹೋಗಿದೆ, ಕೂತು ಹಾಲು ಕರೆಯಲಾರಳು. ಹಸು ಮಾರಲೇಬೇಕು. ಆದರೆ ಒಂದು ಷರತ್ತು: ಕಟ್ಟಿ ಸಾಕುವವರ ಮನೆಗೇ ಹೋಗಬೇಕು. ಈ ಸಂತೆಯಲ್ಲಿ ಕೊಂಡು ಆ ಸಂತೆಯಲ್ಲಿ ಮಾರುವವರಿಗೆ ಕೊಡಕೂಡದು. (ಅಂಥವರು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ ಎನ್ನಬೇಕೆಂದಿದ್ದೆ. ಬಾಯಿ ಬಿಡಬಾರದೆಂದು ಆಜ್ಞೆಯಾಗಿತ್ತಲ್ಲ.)

ನಮ್ಮ ಜಿಲ್ಲೆಯ ಹರಾಜುಗಳೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಹೋಗುತ್ತಿವೆ. ದನ ಮಾತ್ರ ಇನ್ನೂ ಟವೆಲ್ಲಿನ ಕೆಳಗೇ ಇದೆ. ದಲ್ಲಾಳಿ ಟವೆಲ್ ಹೊದಿಸಿ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳೇ ಬೆಲೆ. ನನ್ನ ಕೈಯನ್ನೂ ಹಿಡಿದ. ಎರಡು ದೇಶಗಳ ಗಡಿ ಒಪ್ಪಂದಕ್ಕೆ ಕೂತವನಂತೆ ಮುಖ ಮಾಡಿಕೊಂಡೆ. ಅವನು ಏನು ಹೇಳಿದನೋ ಭಗವಂತನೇ ಬಲ್ಲ.

"ಕೊಡಿಲ್ಲಿ," ಎಂದು ಅಕ್ಕ ಟವೆಲ್ಲಿನೊಳಗೆ ತಾನೇ ಕೈ ಹಾಕಿದಳು.

ಮೊದಲ ಗಿರಾಕಿ ತಂಪು ಕನ್ನಡಕದವನು. ಒಳ್ಳೆಯ ಬೆಲೆಯನ್ನೇ ಹಿಡಿದ. ದಲ್ಲಾಳಿಯ ಮುಖ ಅರಳಿತು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಗ್ಗ ಎಲ್ಲಪ್ಪಾ?"

ನಮ್ಮ ಕಡೆ ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ಬಿಚ್ಚಿಕೊಂಡು ಬಂದು ಕೊಟ್ಟಿಗೆಯ ಗೂಟಕ್ಕೆ ಕಟ್ಟುತ್ತಾರೆ, ಹಸುವಿನ ಹಿಂದೆ ಮನೆಯ ಭಾಗ್ಯವೂ ನಡೆದುಬಿಡಬಾರದೆಂದು. ಕೊಳ್ಳುವವನು ತನ್ನ ಹಗ್ಗ ತರಬೇಕು. ಸಾಕುವವನಾದರೆ ಮನೆಯಿಂದಲೇ ತಂದಿರುತ್ತಾನೆ ಎಂಬುದು ಅಕ್ಕನ ಕಾನೂನು.

"ಅದ್ರ ಕತ್ನಲ್ಲೇ ಇದ್ಯಲ್ಲಮ್ಮ!"

"ಅದು ನಂದು. ಗೇಟ್ ತಾವ ಅಂಗ್ಡಿ ಐತೆ, ಓಗಿ ತಕ್ಕೊಂಬಾ."

"ಈ ಬಿಸ್ಲಲ್ಲಾ?"

"ಅಂಗಾರೆ ನಡಿಯಪ್ಪ. ಅಸ ಕೊಡಕಿಲ್ಲ."

ದಲ್ಲಾಳಿ ನನ್ನ ಕಡೆ ತಿರುಗಿದ. "ಏನ್ ಸಾ ನಿಮ್ಮಕ್ಕ! ಅಸ ಮಾರಕ್ ಬಂದವ್ರಾ, ಅಗ್ಗ ಮಾರಕ್ ಬಂದವ್ರಾ?"

ನಾನು ಕನ್ನಡಕ ಸರಿಮಾಡಿಕೊಂಡೆ. ಆಫೀಸರುಗಳು ಇಂಥ ಹೊತ್ತಿನಲ್ಲಿ ಮಾಡುವುದು ಅದನ್ನೇ.

ಬಿಸಿಲು ನೆತ್ತಿಗೆ ಬಂತು. ಬಂದವರು ಹಲ್ಲು ನೋಡಿದರು, ಕೆಚ್ಚಲು ನೋಡಿದರು, ಹೋದರು. ಅಕ್ಕ ಯಾರದೋ ಲಗೇಜ್ ಆಟೋಗೆ ಒರಗಿ ಮಂಡಿ ನೀವಿಕೊಳ್ಳುತ್ತಿದ್ದಳು. ನಾನು ಗೇಟಿನ ಬಳಿ ಟೀಗೆ ಹೋದೆ. ಅಲ್ಲಿ ನಮ್ಮ ದಲ್ಲಾಳಿ ಬಿಳಿ ಅಂಗಿಯ ಹಿರಿಯನೊಬ್ಬನಿಗೆ ಪಾಠ ಹೇಳುತ್ತಿದ್ದ.

"ಒಂದ್ ಅಗ್ಗ ತಕ್ಕೊಂಡು ಎಗಲ್ಗಾಕ್ಕೊಳ್ಳಿ. ಆಯಮ್ಮ ಅದ್ನ ನೋಡ್ದೇಟ್ಗೇ ಒಪ್ಕತದೆ."

ಯಾವ ಪರೀಕ್ಷೆ ಇಟ್ಟರೂ ಅದಕ್ಕೊಂದು ಗೈಡು ಹುಟ್ಟಿಕೊಳ್ಳುವ ದೇಶ ನಮ್ಮದು. ಟೀ ಅರ್ಧಕ್ಕೇ ಬಿಟ್ಟು ಬಂದೆ. ಅಷ್ಟರಲ್ಲಿ ಆ ಹಿರಿಯ ಹೆಗಲ ಮೇಲೆ ಹಗ್ಗ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಹಸುವಿನ ಮುಂದೆ ನಿಂತಾಗಿತ್ತು. ಅಕ್ಕ ಹಗ್ಗ ನೋಡಿದಳು, ಅವನನ್ನು ನೋಡಿದಳು. ಮೊದಲನೆಯವನಿಗಿಂತ ಕಡಿಮೆಗೇ ಒಪ್ಪಿದಳು.

ಹಳೆಯ ಹಗ್ಗ ಬಿಚ್ಚಿದಳು. ಒಂದು ಕ್ಷಣ ಹಸುವಿನ ಕೊರಳಲ್ಲಿ ಏನೂ ಇರಲಿಲ್ಲ. ಆದರೂ ಅದು ಎಲ್ಲಿಗೂ ಹೋಗಲಿಲ್ಲ.

"ಅವ್ರ ಮನೇಲಿ ಒದೀಬ್ಯಾಡ ಕಣವ್ವ," ಎಂದು ಹಣೆ ಸವರಿದಳು.

ಮಳವಳ್ಳಿ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಹಗ್ಗ..."

"ಗೊತ್ತು ಕಣ್ಲಾ. ಅಂಗ್ಡಿ ಚೀಟಿ ಅಂಗೇ ಅಂಟ್ಕೊಂಡಿತ್ತು. ದಲ್ಲಾಳಿನೇ ಏಳ್ಕೊಟ್ಟಿರ್ತಾನೆ."

"ಗೊತ್ತಿದ್ದೂ ಕೊಟ್ಟೆಯಾ?"

"ಬಿಸ್ಲಲ್ಲಿ ಓಗಿ ತಂದ್ನಲ್ಲ. ಮೊದಲ್ನೋನು ಅದ್ನೂ ಮಾಡ್ನಿಲ್ಲ. ಇನ್ನೊಂದ್ ಸಂತೆಗೆ ಬರಕ್ಕೆ ಈ ಮಂಡಿ ಬುಟ್ಟಾತಾ?"

ನಾನು ಉಪದೇಶಕ್ಕೆ ಗಂಟಲು ಸರಿಮಾಡಿಕೊಂಡೆ. ಅವನ ಊರು ಯಾವುದು, ಕೊಟ್ಟಿಗೆ ಇದೆಯೇ, ಹುಲ್ಲಿಗೇನು ಗತಿ, ಮನೆಯ ಜನ ಎಂಥವರು, ಇಷ್ಟನ್ನಾದರೂ ಕೇಳಬೇಕಿತ್ತು ಎಂದೆ.

ಅಕ್ಕ ಕಿಟಕಿಯ ಕಡೆ ತಿರುಗಿದಳು.

"ನನ್ನ ಕೊಡೋವಾಗ ಅಪ್ಪ ಇಷ್ಟೂ ಕೇಳ್ನಿಲ್ಲ ಕಣ್ಲಾ."