ಕಿವಿ ಓದುವ ಇಂಗ್ವೆಲ್ದುರ್

ನಮ್ಮ ಕಣಿವೆಯ ಇಂಗ್ವೆಲ್ದುರಳಿಗೆ ಕುರಿ ಗುರುತಿಸಲು ಕಣ್ಣು ಬೇಕಿರಲಿಲ್ಲ. ಗುರುತಿಗೆಂದು ಕೊಯ್ದ ಕಿವಿಯಂಚಿನ ಕಚ್ಚುಗಳನ್ನು ಎರಡು ಬೆರಳಲ್ಲಿ ತಡವಿದರೆ ಸಾಕು, ಅದು ಯಾರ ಮನೆಯದು, ಅದರ ತಾಯಿ ಯಾವುದು, ಯಜಮಾನ ಹೋದ ಭಾನುವಾರ ಚರ್ಚಿಗೆ ಹೋಗಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು. ಐವತ್ತೆಂಟಕ್ಕೆ ಸಂಧಿವಾತ ಬಂತು. ಗೆಣ್ಣುಗಳು ಆಲೂಗಡ್ಡೆಯಂತೆ ಊದಿದವು. ಬೆಳಗ್ಗೆ ಅವಳು ಮುಷ್ಟಿ ಬಿಚ್ಚುವಷ್ಟರಲ್ಲಿ ನಾನು ಎರಡು ಸಲ ಮದುವೆಯಾಗಬಹುದಿತ್ತು.

ಬೇಸಗೆಯೆಲ್ಲ ಬೆಟ್ಟದಲ್ಲಿ ಮೇದ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಇಳಿಸಿ, ಕಲ್ಲುದೊಡ್ಡಿಯಲ್ಲಿ ಅವರವರ ಪಾಲಿಗೆ ಎಳೆದುಕೊಳ್ಳುವ ದಿನ ಅದು. ಯಜಮಾನನ ಗುರುತಿನ ಓಲೆ ಕಿತ್ತುಹೋಗಿದ್ದ ಒಂದು ಬೂದು ಕುರಿಯ ಕೊಂಬಿಗೆ ಅವಳು ಕೈಹಾಕಿದಳು. ಕೊಂಬು ಜಾರಿತು. ನೆರೆಯ ಥೋರ್ಮೋದುರ್ ಅದನ್ನು ಹಿಡಿದುಕೊಂಡ.

“ಮುಖ ನೋಡಿದ್ರೇ ಗೊತ್ತಾಗುತ್ತೆ, ಅದು ನಂದು,” ಎಂದಳು ಇಂಗ್ವೆಲ್ದುರ್.

“ಮುಖ ಬೇಡ, ಕಿವಿ ಓದು.”

ಅವಳು ಕಿವಿಗೆ ಕೈಹಾಕಿದಳು; ಬೆರಳು ಬಾಗಲಿಲ್ಲ.

“ನಿನ್ ಬೆರಳು ಕುರುಡಾಗಿವೆ ತಾಯಿ. ಇನ್ಮೇಲೆ ಮನೇಲಿ ಸಾರು ಕಲಕ್ಕೊಂಡಿರು.”

ಕುರಿ ಅವನ ಪಾಲಿಗೆ ಹೋಯಿತು. ದೊಡ್ಡಿಗೆ ದೊಡ್ಡಿಯೇ ನಕ್ಕಿತು. ಆ ಸದ್ದಿಗೆ ನಮ್ಮ ಹಿಮನದಿ ಎರಡು ಮಾರು ಹಿಂದೆ ಸರಿಯಿತು. ಹವಾಮಾನದವರು ಬೇರೆ ಕಾರಣ ಕೊಡುತ್ತಾರೆ.

ಮುಂದಿನ ಬುಧವಾರ, ನಾನು ಸೊಂಟ ನೆನೆಹಾಕುವ ಬಿಸಿನೀರಿನ ಕೊಳಕ್ಕೆ ಅವಳೂ ಬಂದಳು. ಅಲ್ಲಿಯ ಫಿಸಿಯೋಥೆರಪಿಸ್ಟ್ ಹ್ರೆಫ್ನಾ ಕೇಳಿದಳು: “ಏನು ಗುರಿ ಇಟ್ಕೊಳ್ಳೋಣ? ಕೆಲವರು ಬಾಟಲಿ ಮುಚ್ಚಳ ತೆಗೀಬೇಕು ಅಂತಾರೆ.”

“ಥೋರ್ಮೋದುರನ ಮಾನ ತೆಗೀಬೇಕು.”

“ಸರಿ. ಮಣಿಕಟ್ಟಿಂದ ಶುರು ಮಾಡೋಣ.”

ಹ್ರೆಫ್ನಾ ಆ ಕೈಗಳನ್ನು ಬಿಸಿ ಮೇಣದಲ್ಲಿ ಅದ್ದಿ, ಒಂದೊಂದೇ ಗೆಣ್ಣನ್ನು ಹಿಡಿದು ಮೆಲ್ಲಗೆ ಎಳೆದು, ಅತ್ತಿತ್ತ ಜಾರಿಸುವಳು. ಆಮೇಲೆ ಹೆಬ್ಬೆರಳನ್ನು ಉಳಿದ ಬೆರಳ ತುದಿಗಳಿಗೆ ಮುಟ್ಟಿಸಬೇಕು, ಬೆರಳುಗಳನ್ನು ಮೇಜಿನ ಮೇಲೆ ಹರಡಬೇಕು, ಮೆತ್ತನೆಯ ಹಿಟ್ಟಿನಂಥ ಮುದ್ದೆಯನ್ನು ನಾದಬೇಕು. ಇಂಗ್ವೆಲ್ದುರ್ ಆ ಮುದ್ದೆಗೆ ಮೂಗು, ಕತ್ತು ಮಾಡಿ ಥೋರ್ಮೋದುರ್ ಎಂದು ಹೆಸರಿಟ್ಟಳು.

“ಮೆತ್ತಗೆ. ಊದಿದ ದಿನ ಹಾಗೆಲ್ಲ ಹಿಸುಕಬಾರದು.”

“ಅವನಿಗೇನೂ ಆಗಲ್ಲ ಬಿಡಮ್ಮ.”

“ನಿಮಗೆ ಆಗುತ್ತೆ. ಸಣ್ಣ ಕೀಲಿನ ಕೆಲಸಾನ ದೊಡ್ಡ ಕೀಲಿಗೆ ಒಪ್ಪಿಸೋದು ಕಲೀರಿ. ಬಕೆಟ್ ಮೊಣಕೈಗೆ, ಬಾಗಿಲು ಸೊಂಟಕ್ಕೆ.”

ಹಗೆಯ ಉರಿ ಎಷ್ಟಿತ್ತೆಂದರೆ ಆ ಚಳಿಗಾಲ ಕೊಳದ ನೀರು ಕಾಯಿಸಲು ಭೂಮಿ ಕಷ್ಟಪಡಲೇ ಇಲ್ಲ. ಮಾತ್ರೆಯೂ ನುಂಗಿದಳು, ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಬೆರಳು ನೆಟ್ಟಗಾಗಲಿಲ್ಲ, ಆದರೆ ಬೇಸಗೆಯ ಹೊತ್ತಿಗೆ ಹೆಬ್ಬೆರಳು ತೋರುಬೆರಳಿಗೆ ಮುಟ್ಟಿತು.

ಮತ್ತೆ ಸೆಪ್ಟೆಂಬರ್. ಥೋರ್ಮೋದುರ್ ಅದೇ ಬೂದು ಕುರಿಯನ್ನು ಎಳೆಯುತ್ತಿದ್ದ, ಅದರ ಕಿವಿಗೆ ತನ್ನ ಹೊಸ ಓಲೆ ಚುಚ್ಚಿದ್ದ. ಇಂಗ್ವೆಲ್ದುರ್ ಕೇಳದೆ ಕೈಹಾಕಿದಳು.

“ಎಡಗಿವಿ ಹಿಂದೆ ಎರಡು ಕಚ್ಚು. ನಂದು.”

“ಒಂದೇ ಕಚ್ಚು. ನಂದು. ಓಲೆ ಕಾಣಲ್ವ?”

“ಓಲೆ ಯಾರು ಬೇಕಾದ್ರೂ ಚುಚ್ತಾರೆ. ಕಚ್ಚು ಮರಿಯಾಗಿದ್ದಾಗಿಂದು.”

ಕುರಿ ಇಳಿಸುವವರ ಮುಂದಾಳು, ನಾವು ಬೆಟ್ಟದ ದೊರೆ ಎನ್ನುವವನು, ಉಣ್ಣೆ ಸರಿಸಿ ನೋಡಿದ. ಎರಡಿತ್ತು.

“ಉಣ್ಣೆ ಮುಚ್ಚಿತ್ತು,” ಎಂದು ಥೋರ್ಮೋದುರ್ ಗೊಣಗಿದ.

ಅವಳು ಕೊಂಬು ಮುಟ್ಟಲಿಲ್ಲ. ಕುರಿಯನ್ನು ಎರಡು ಮೊಣಕಾಲ ನಡುವೆ ಸಿಕ್ಕಿಸಿ, ಮುಂಗೈಯನ್ನು ಗದ್ದದಡಿ ಕೊಟ್ಟು ತನ್ನ ಪಾಲಿಗೆ ನಡೆಸಿಕೊಂಡು ಹೋದಳು. ಒಳ್ಳೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ವಾಪಸ್ಸು ಬಂದಳು.

“ಇನ್ನೆಷ್ಟಕ್ಕೆ ಉಣ್ಣೆ ಮುಚ್ಚಿದೆಯೋ, ಪಾಪ. ಒಂದೊಂದಾಗಿ ಹಿಡಿ, ಓದಿಕೊಡ್ತೀನಿ.”

ದೊರೆ ತಲೆಯಾಡಿಸಿದ. ಅವನ ಪಾಲಿನಲ್ಲಿ ನೂರ ನಲವತ್ತು ಕುರಿ. ಥೋರ್ಮೋದುರ್ ಕೆಸರಲ್ಲಿ ಮಂಡಿಯೂರಿ ಒಂದೊಂದರ ತಲೆ ಹಿಡಿದ. ಅವಳು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದಳು: “ಇದು ನಿಂದೇ. ಮುಂದೆ. ಇದೂ ನಿಂದೇ ಇರ್ಬೇಕು. ಕುರುಡು ಬೆರಳಲ್ವ, ಇನ್ನೊಂದ್ಸಲ ಹಿಡಿ.” ಮನೆಗಳಲ್ಲಿ ಕಾದಿದ್ದ ಸಾರು ಆರಿತು. ತೊಟ್ಟಿಲ ಕೂಸುಗಳಿಗೆ ಗಡ್ಡ ಬಂತು. ಇನ್ನೊಂದು ತಪ್ಪೂ ಸಿಗಲಿಲ್ಲ, ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಈ ಸಲ ದೊಡ್ಡಿ ನಕ್ಕಿದ್ದು ಅವನನ್ನು ನೋಡಿ.

ಬುಧವಾರ ಹ್ರೆಫ್ನಾ ಮತ್ತೆ ಊದಿದ್ದ ಆ ಕೈಗಳನ್ನು ನೋಡಿ ಹದಿನೈದು ದಿನ ಮುದ್ದೆ ಮುಟ್ಟಕೂಡದೆಂದಳು.

“ಏನ್ ಮಾಡ್ಕೊಂಡ್ರಿ ಇದು? ತುಂಬಾ ನೋವಾಯ್ತಾ?”

“ಆಯ್ತು,” ಎಂದಳು ಇಂಗ್ವೆಲ್ದುರ್, “ಅವನಿಗೆ.”